ಊಟ ಆಯ್ತು ಸರಿ, ಸಾರು ಯಾವುದು?

ನಮ್ಮಲ್ಲಿ ಯಾರನ್ನಾದರೂ ಕಂಡ ಕೂಡಲೇ ಕೇಳುವುದು "ಊಟ ಆಯ್ತಾ?" ಅಂತ. ಉತ್ತರವೂ ಮೊದಲೇ ಗೊತ್ತು: "ಆಯ್ತು." ಉಂಡಿರಲಿ ಬಿಡಲಿ, ಮಾನವಂತರ ಬಾಯಲ್ಲಿ ಬರುವುದು ಅದೇ ಮಾತು. ನಿಜಸಂಗತಿ ಹೊರಬೀಳುವುದು ಎರಡನೇ ಪ್ರಶ್ನೆಗೆ: "ಏನ್ ಸಾರು?" ತಿಂಗಳ ಮೊದಲ ವಾರ ಬಸ್ಸಾರು, ಮೊಳಕೆಕಾಳಿನ ಸಾರು, ಮೊಟ್ಟೆಸಾರು ಎನ್ನುತ್ತಿದ್ದ ಮನೆಯಲ್ಲಿ 20ನೇ ತಾರೀಕು ದಾಟಿದ ಮೇಲೆ ತಿಳಿಸಾರು. ಆಮೇಲೆ "ಉಪ್ಪಿನಕಾಯಿ ಇತ್ತಲ್ಲ." ಕೊನೆಗೆ "ಮಜ್ಜಿಗೆ ಅನ್ನ ಉಂಡ್ವಿ, ಸೆಕೆ ನೋಡಿ." ಅನ್ನ ಒಂದು ಹೊತ್ತೂ ತಪ್ಪಿಲ್ಲ, ಹೊಟ್ಟೆಯೂ ತುಂಬಿದೆ. ಆದರೂ ಆ ಮನೆಯಲ್ಲಿ ಹಸಿವಿದೆ.

ಪೌಷ್ಟಿಕತೆಯ ತಜ್ಞರು ಇದನ್ನೇ ಹಿಡನ್ ಹಂಗರ್, ಅಂದರೆ ಕಾಣದ ಹಸಿವು ಎನ್ನುತ್ತಾರೆ. ಹೊಟ್ಟೆಗೆ ಬೇಕಾದ ಕ್ಯಾಲೊರಿ ಸಿಗುತ್ತದೆ. ಕಬ್ಬಿಣ, ಸತು, ಅಯೋಡಿನ್, ಎ ಜೀವಸತ್ವ, ಬಿ12, ಫೋಲಿಕ್ ಆಮ್ಲದಂಥವು ಸಿಗುವುದಿಲ್ಲ. ಬರಗಾಲದ ಹಸಿವಿನ ಹಾಗೆ ಇದು ಎಲುಬು ತೋರಿಸಿಕೊಂಡು ಬೀದಿಗೆ ಬರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಪಾಠಕ್ಕೆ ಮಗು ತೂಕಡಿಕೆ, ಬಾಯಿಯ ಮೂಲೆ ಒಡೆಯುವುದು, ಹೆರಿಗೆಯಾಗಿ ವರ್ಷ ಕಳೆದರೂ ಹೋಗದ ಸುಸ್ತು. ಹೀಗೆ ಬೇರೆ ಬೇರೆ ಹೆಸರು ಇಟ್ಟುಕೊಂಡು ಮನೆಯೊಳಗೇ ಇರುತ್ತದೆ. ಈ ಹಸಿವಿಗೆ ಊರಿನ ಆಹಾರ ಬ್ಯಾಂಕು, ಅಂದರೆ ಇದ್ದವರು ಕೊಟ್ಟದ್ದನ್ನು ಬೇಕಾದ ಮನೆಗೆ ಮುಟ್ಟಿಸುವ ಕೂಟ, ಏನು ಮಾಡಬಹುದು ಎಂಬುದೇ ಇಲ್ಲಿನ ಮಾತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ರಕ್ತಹೀನತೆ ಇದಕ್ಕಿಂತ ಕಡಿಮೆಯಿತ್ತು: ಮಕ್ಕಳಲ್ಲಿ ಶೇ 60.9, ಹೆಂಗಸರಲ್ಲಿ ಶೇ 44.8. ಈ ಎರಡು ಸಮೀಕ್ಷೆಗಳ ನಡುವಿನ ವರ್ಷಗಳಲ್ಲಿ ರಾಜ್ಯದಲ್ಲಿ ಅಕ್ಕಿಗೇನೂ ಬರ ಇರಲಿಲ್ಲ.

ಅಕ್ಕಿಯ ಲೆಕ್ಕ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, ಅಂತ್ಯೋದಯ ಕಾರ್ಡಿಗೆ 35 ಕೆಜಿ. 2023ರ ಜನವರಿಯಿಂದ ಇದು ಪುಕ್ಕಟೆ. ಅದರ ಮೇಲೆ ರಾಜ್ಯದ ಅನ್ನಭಾಗ್ಯ. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರುವರಿಯಿಂದ ಅದೂ ಅಕ್ಕಿಯಾಯಿತು. ಆಗ ಒಟ್ಟು 10 ಕೆಜಿ, ದಿನಕ್ಕೆ 333 ಗ್ರಾಂ.

ಆ 333 ಗ್ರಾಂ ಅಕ್ಕಿಯನ್ನು ಬಿಡಿಸಿ ನೋಡಿ. ಸುಮಾರು 1,190 ಕಿಲೊಕ್ಯಾಲೊರಿ ಶಕ್ತಿ, 26 ಗ್ರಾಂ ಪ್ರೋಟೀನು. ಅಷ್ಟು ಒಳ್ಳೆಯದೇ. ಕಬ್ಬಿಣಾಂಶ ಮಾತ್ರ 2 ಮಿಲಿಗ್ರಾಂಗಿಂತ ತುಸು ಹೆಚ್ಚು. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29. ಸುಣ್ಣದಂಶ ಸುಮಾರು 25 ಮಿಲಿಗ್ರಾಂ, ಬೇಕಾದದ್ದು 1,000. ಇದಕ್ಕೆ ಹೋಲಿಸಿದರೆ 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ ಇರುತ್ತದೆ. ಎರಡು ವಾರ ಉಂಡ ಅಕ್ಕಿಯಲ್ಲಿರುವಷ್ಟು ಒಂದೇ ಮುದ್ದೆಯಲ್ಲಿ! ಹಳೇ ಮೈಸೂರಿನ ಕಡೆ ಮುದ್ದೆ ಬಿಟ್ಟು ಅನ್ನಕ್ಕೆ ಹೊರಳಿದ ಮನೆಗಳು ಕಳೆದುಕೊಂಡದ್ದು ಏನು ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ರೇಷನ್ ಅಂಗಡಿಯ ಅಕ್ಕಿಯಲ್ಲಿ ಸಾರವರ್ಧಿತ ಕಾಳು, ಅಂದರೆ ಕಬ್ಬಿಣ, ಜೀವಸತ್ವ ಸೇರಿಸಿ ಅಕ್ಕಿಯ ಆಕಾರದಲ್ಲೇ ಮಾಡಿದ ಕಾಳು, ಬೆರೆಸುತ್ತ ಬಂದಿದ್ದಾರೆ, 100ಕ್ಕೆ 1ರಂತೆ. ಮಾನದಂಡದಂತೆ ಕಿಲೋ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಮತ್ತು ಬಿ12 ಇರಬೇಕು. ಕಾಗದದ ಮೇಲೆ ದಿನಕ್ಕೆ 9ರಿಂದ 14 ಮಿಲಿಗ್ರಾಂ ಕಬ್ಬಿಣ ಬಂತು. ಅಡುಗೆಮನೆಯಲ್ಲಿ ಆಗುವುದೇ ಬೇರೆ. ಆ ಕಾಳು ಬಣ್ಣದಲ್ಲಿ ತುಸು ಬೇರೆ, ತೊಳೆಯುವಾಗ ತೇಲುವುದೂ ಉಂಟು. "ಪ್ಲಾಸ್ಟಿಕ್ ಅಕ್ಕಿ" ಎಂಬ ವಾಟ್ಸ್ಆ್ಯಪ್ ಸುದ್ದಿ ನಂಬಿದವರು ಮೊರದಲ್ಲಿ ಹಾಕಿಕೊಂಡು ಒಂದೊಂದೇ ಆರಿಸಿ ಬಿಸಾಡುತ್ತಾರೆ. ಸರ್ಕಾರ ದುಡ್ಡು ಕೊಟ್ಟು ಬೆರೆಸಿದ್ದನ್ನು ಮನೆಯಾಕೆ ಅರ್ಧ ಗಂಟೆ ಕೂತು ಬೇರ್ಪಡಿಸುವ ಈ ಕೆಲಸ ನಿಲ್ಲಿಸಲು ಬಾಗಿಲಲ್ಲಿ ನಿಂತು ಎರಡು ಮಾತು ಹೇಳುವವರು ಬೇಕು. ಊರಿನ ಆಹಾರ ಬ್ಯಾಂಕಿನ ಕಾರ್ಯಕರ್ತರು ಮಾಡಬಹುದಾದ ಮೊದಲ ಕೆಲಸ ಇದು, ಖರ್ಚೂ ಇಲ್ಲ.

ರೇಷನ್ ಅಕ್ಕಿ ಮಾರಿಕೊಳ್ಳುವವರ ಬಗ್ಗೆ ಪೇಪರಿನಲ್ಲಿ ಆಗಾಗ ಬರುತ್ತದೆ. ಅದು ಕಾನೂನಿಗೆ ವಿರುದ್ಧ, ಸರಿ. ಆದರೆ ಅಕ್ಕಿ ಮಾರಿ ಬಂದ ದುಡ್ಡಿನಲ್ಲಿ ಮನೆಯಾಕೆ ಬೇಳೆ, ಎಣ್ಣೆ ತಂದಿದ್ದರೆ, ನಮ್ಮ ಸಮೀಕ್ಷೆಗಳು ಹೇಳುವುದನ್ನೇ ಆಕೆ ಇನ್ನೊಂದು ರೀತಿಯಲ್ಲಿ ಹೇಳಿದ್ದಾಳೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ 2,000 ಕಿಲೊಕ್ಯಾಲೊರಿಯ ಊಟದಲ್ಲಿ ಧಾನ್ಯ 250 ಗ್ರಾಂ ಸಾಕು. ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಾಲು-ಮೊಸರು 300 ಮಿಲಿ, ಹಣ್ಣು 100 ಗ್ರಾಂ ಇರಬೇಕು. ಅಕ್ಕಿ ಬೇಕಾದ್ದಕ್ಕಿಂತ ಹೆಚ್ಚಿದೆ, ಉಳಿದದ್ದು ಇಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿದ್ದು ಈ ಲೆಕ್ಕ ಕೊನೆಗೂ ವಿಧಾನಸೌಧಕ್ಕೆ ತಲುಪಿದ್ದರ ಗುರುತು. ಸಕ್ಕರೆಯ ಜಾಗದಲ್ಲಿ ಕಡಲೆಕಾಯಿ ಬೀಜ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಕಾರ್ಡಿನ ಆಚೆ ಇರುವವರು

ಇಷ್ಟೂ ಮಾತು ಕಾರ್ಡು ಇದ್ದವರದ್ದು. ಕಾಯ್ದೆಯ ವ್ಯಾಪ್ತಿ ಹಳ್ಳಿಯ ಶೇ 75, ಪಟ್ಟಣದ ಶೇ 50ರಷ್ಟು ಜನರವರೆಗೆ. ಆ ಶೇಕಡಾವಾರನ್ನು ಇಂದಿಗೂ ಅಳೆಯುತ್ತಿರುವುದು 2011ರ ಜನಗಣತಿಯ ಮೇಲೆ. ಆಮೇಲೆ ಹುಟ್ಟಿದವರು, ಬೇರೆ ಮನೆ ಹೂಡಿದವರು, ಊರು ಬಿಟ್ಟು ಬಂದವರು ಆ ಎಣಿಕೆಯಲ್ಲಿ ಸರಿಯಾಗಿ ಕೂರುವುದಿಲ್ಲ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಏಕಾಏಕಿ ಎಪಿಎಲ್ ಆಗಿ ಗದ್ದಲವೆದ್ದು, ಸರ್ಕಾರ ಹಿಂದೆ ಸರಿಯಬೇಕಾಯಿತು.

ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಕಾರ್ಡು ಊರಲ್ಲಿ ಅತ್ತೆಮಾವನ ಹತ್ತಿರ ಇರುತ್ತದೆ. ಒಂದು ದೇಶ ಒಂದು ಕಾರ್ಡಿನ ಸೌಲಭ್ಯದಲ್ಲಿ ಒಂದಿಷ್ಟು ಪಾಲನ್ನು ಇಲ್ಲೇ ಎತ್ತಬಹುದು. ಇಲ್ಲಿ ಎತ್ತಿದರೆ ಅಲ್ಲಿ ಮುದುಕರಿಗೆ ಕಡಿಮೆಯಾಗುತ್ತದೆಂದು ಎತ್ತುವುದಿಲ್ಲ. ಇವರಾದರೂ ಕಣ್ಣಿಗೆ ಬೀಳುತ್ತಾರೆ. ಬೀಳದವರು ಬೇರೆ ಇದ್ದಾರೆ: ಖಾಸಗಿ ಶಾಲೆಯ ಕಡಿಮೆ ಸಂಬಳದ ಟೀಚರು, ಇಎಂಐ ಕಟ್ಟುವ ಆಟೋ ಚಾಲಕ, ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹೋಗುವ ಮನೆಯೊಡೆಯ, ಹೆಬ್ಬೆಟ್ಟು ಸವೆದು ರೇಷನ್ ಯಂತ್ರದಲ್ಲಿ ಗುರುತು ಬಾರದ ಒಂಟಿ ಅಜ್ಜಿ. ಮನೆ ಬಾಡಿಗೆ, ಸ್ಕೂಲ್ ಫೀಸು, ಸಾಲದ ಕಂತು ಇವಕ್ಕೆಲ್ಲ ತಾರೀಕು ಇದೆ, ಊಟಕ್ಕೆ ಇಲ್ಲ. ಹಾಗಾಗಿ ಕತ್ತರಿ ಬೀಳುವುದು ಊಟಕ್ಕೇ. ಮೊದಲು ಹಣ್ಣು, ಆಮೇಲೆ ಮೊಟ್ಟೆ, ಆಮೇಲೆ ಹಾಲಿನ ಅರ್ಧ ಲೀಟರ್ ಕಾಲು ಲೀಟರಾಗುತ್ತದೆ, ಕೊನೆಗೆ ಬೇಳೆ. ಮನೆಯೊಳಗೂ ಒಂದು ಸಾಲು ಇದೆ. ಗಂಡಸಿಗೆ, ಮಕ್ಕಳಿಗೆ ಬಡಿಸಿ ಉಳಿದ ತಿಳಿಯಲ್ಲಿ ಅನ್ನ ಕಲಸಿಕೊಳ್ಳುವವಳು ತಾಯಿ. ರಕ್ತ ಪರೀಕ್ಷೆಯಲ್ಲಿ ಮೊದಲು ಸಿಗುವವಳೂ ಅವಳೇ.

ಇಂಥ ಮನೆ ಯಾವುದೆಂದು ತಿಳಿಯಲು ಆದಾಯ ಪ್ರಮಾಣಪತ್ರ ಕೇಳಿದರೆ ಪ್ರಯೋಜನವಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಬಳಸುವ ಎಂಟು ಪ್ರಶ್ನೆಗಳಲ್ಲಿ ಮೊದಲ ಮೂರು ಸಾಕು: ಆಹಾರ ಸಾಲದೆಂಬ ಚಿಂತೆಯಿತ್ತೇ? ಪುಷ್ಟಿಯ ಆಹಾರ ತಿನ್ನಲಾಗದೆ ಹೋಯಿತೇ? ಒಂದೆರಡು ಬಗೆಯದನ್ನೇ ತಿನ್ನಬೇಕಾಯಿತೇ? ಅದನ್ನೂ ಫಾರಂ ಹಿಡಿದು ಕೇಳಬೇಡಿ. "ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದ್ರಿ?" ಎಂದರೆ ಮುಗಿಯಿತು. ಹೆಂಗಸರ ಊಟದ ವೈವಿಧ್ಯ ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಆಹಾರವನ್ನು ಹತ್ತು ಗುಂಪು ಮಾಡುತ್ತಾರೆ: ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಬೀಜಗಳು, ಹಾಲು, ಮಾಂಸ-ಮೀನು, ಮೊಟ್ಟೆ, ಕಡುಹಸಿರು ಸೊಪ್ಪು, ಎ ಜೀವಸತ್ವದ ಹಣ್ಣು-ತರಕಾರಿ, ಬೇರೆ ತರಕಾರಿ, ಬೇರೆ ಹಣ್ಣು. ದಿನಕ್ಕೆ ಐದು ಗುಂಪಾದರೂ ಮುಟ್ಟಬೇಕು. 15 ಗ್ರಾಂಗಿಂತ ಕಡಿಮೆ ತಿಂದದ್ದು ಲೆಕ್ಕಕ್ಕಿಲ್ಲ. ಈಗ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಅನ್ನ-ಮೊಸರು ತೆಗೆದುಕೊಳ್ಳಿ. ಚಿತ್ರಾನ್ನದ ನಾಲ್ಕು ಕಡಲೆಬೀಜ, ಸಾರಿನ ತಳದ ಬೇಳೆ, ಒಗ್ಗರಣೆಯ ಕರಿಬೇವು ಮೂರೂ ಬಿದ್ದುಹೋಗುತ್ತವೆ. ಮೂರು ಹೊತ್ತು ಉಂಡು ಎರಡೇ ಗುಂಪು.

ಬ್ಯಾಂಕು ಎಂದರೇನು

ಜಗತ್ತಿನ ಮೊದಲ ಆಹಾರ ಬ್ಯಾಂಕು 1967ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಶುರುಮಾಡಿದ್ದು. ಇದ್ದವರು ಇಡುವುದು, ಬೇಕಾದವರು ತೆಗೆದುಕೊಳ್ಳುವುದು, ಅಷ್ಟೇ. ನಮಗೆ ಇದು ಹೊಸತಲ್ಲ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ಬೇರೆ ಮಡಕೆಗೆ ಹಾಕಿಟ್ಟು ಮಠಕ್ಕೋ ಇಲ್ಲದವರಿಗೋ ಕೊಡುವುದು ಇಲ್ಲಿನ ರೂಢಿ. ಸಿದ್ಧಗಂಗೆಯ ದಾಸೋಹ ಇಂದಿಗೂ ಸಾವಿರಾರು ಮಕ್ಕಳಿಗೆ ಉಣಬಡಿಸುತ್ತಿದೆ. ವ್ಯತ್ಯಾಸ ಒಂದೇ. ದಾಸೋಹಕ್ಕೆ ಬರುವವನು ಪಂಕ್ತಿಯಲ್ಲಿ ಕೂರುತ್ತಾನೆ. ಬಾಡಿಗೆ ಮನೆಯ ಟೀಚರು ಪಂಕ್ತಿಗೂ ಬರುವುದಿಲ್ಲ, ಇಂದಿರಾ ಕ್ಯಾಂಟೀನಿನ ಸರದಿಗೂ ನಿಲ್ಲುವುದಿಲ್ಲ. ಅವರಿಗೆ ಬೇಕಾದದ್ದು ತಮ್ಮ ಒಲೆಯ ಮೇಲೆ ತಾವೇ ಬೇಯಿಸಿಕೊಳ್ಳುವ ಸಾಮಾನು.

ಬಡಾವಣೆಯ ಹತ್ತು ಜನ ಸೇರಿ ಆಹಾರ ಬ್ಯಾಂಕು ಮಾಡುತ್ತೇವೆಂದು ಹೊರಟಾಗ ಆಗುವ ಮೊದಲ ತಪ್ಪು 25 ಕೆಜಿ ಅಕ್ಕಿ ಮೂಟೆಗಳನ್ನು ತಂದು ಪೇರಿಸುವುದು. ಫೋಟೋಗೆ ಚೆನ್ನಾಗಿ ಕಾಣುತ್ತದೆ. ಆದರೆ ಕಾರ್ಡಿದ್ದ ಮನೆಗೆ ಇನ್ನಷ್ಟು ಅಕ್ಕಿ ಕೊಟ್ಟರೆ ನೀರಿದ್ದ ಕೊಡಕ್ಕೆ ನೀರು ಸುರಿದ ಹಾಗೆ. ಅಕ್ಕಿ ಬೇಕಾದದ್ದು ಕಾರ್ಡಿಲ್ಲದ ಮನೆಗೆ ಮಾತ್ರ. ಉಳಿದವರಿಗೆ ರೇಷನ್ ಅಂಗಡಿ ಕೊಡದೇ ಇರುವುದನ್ನು ಕೊಡಬೇಕು.

ನಾಲ್ಕು ಜನರ ಮನೆಗೆ, ತಿಂಗಳ ಕೊನೆಯ 15 ದಿನಕ್ಕೆ ಹೀಗೆ ಕಟ್ಟಬಹುದು: ತೊಗರಿಬೇಳೆ 2 ಕೆಜಿ, ಹೆಸರುಕಾಳು 1 ಕೆಜಿ, ಹುರಳಿ 1 ಕೆಜಿ, ರಾಗಿ 5 ಕೆಜಿ, ಕಡಲೆಕಾಯಿ ಬೀಜ 1 ಕೆಜಿ, ಎ ಮತ್ತು ಡಿ ಜೀವಸತ್ವ ಸೇರಿಸಿದ ಎಣ್ಣೆ 1 ಲೀಟರ್, ಅಯೋಡಿನ್ ಉಪ್ಪು 1 ಕೆಜಿ, ಹುಣಸೆಹಣ್ಣು ಕಾಲು ಕೆಜಿ, ಸಾರಿನ ಪುಡಿ 200 ಗ್ರಾಂ, ಮೊಟ್ಟೆ 30. ಬೇಳೆಕಾಳು ಒಟ್ಟು 4 ಕೆಜಿ. ತಲೆಗೆ ದಿನಕ್ಕೆ 67 ಗ್ರಾಂ ಆಯಿತು, ಶೇಂಗಾ ಬೇರೆ. 85ರ ಹತ್ತಿರ ಬಂತು. ಅದೇ 2 ಕೆಜಿ ಬೇಳೆಯನ್ನು ಇಡೀ ತಿಂಗಳಿಗೆಂದು ಕೊಟ್ಟರೆ ತಲೆಗೆ ದಿನಕ್ಕೆ 17 ಗ್ರಾಂ, ಎರಡು ಚಮಚವೂ ಇಲ್ಲ. ಹೆಚ್ಚು ಮನೆಗೆ ಸ್ವಲ್ಪಸ್ವಲ್ಪ ಹಂಚುವುದಕ್ಕಿಂತ ಕಡಿಮೆ ಮನೆಗೆ ಸಾಕಾಗುವಷ್ಟು ಕೊಡುವುದು ಒಳ್ಳೆಯದೆಂದು ಹೇಳುವುದು ಈ ಲೆಕ್ಕದ ಮೇಲೆ.

ಬೇಳೆ ಕಿಲೋಗೆ 120, ರಾಗಿ 45, ಮೊಟ್ಟೆಗೆ 7 ರೂಪಾಯಿ ಹೀಗೆ ಹಿಡಿದುಕೊಂಡು ಹೋದರೆ ಒಂದು ಕಿಟ್ ಸುಮಾರು 1,300 ರೂಪಾಯಿ, 40 ಮನೆಗೆ 52,000. ದರ ಊರಿಂದೂರಿಗೆ ಏರುಪೇರು. ತಿಂಗಳಿಗೆ 160 ಕೆಜಿ ಬೇಳೆಕಾಳು ಬೇಕಾಗುವುದರಿಂದ ಚಿಲ್ಲರೆ ಅಂಗಡಿ ಬಿಟ್ಟು ಎಪಿಎಂಸಿ ಸಗಟು ಮಳಿಗೆಗೆ ಹೋಗುವುದು ಲೇಸು.

ಹುಣಸೆಹಣ್ಣು, ಸಾರಿನ ಪುಡಿ ಯಾಕೆ ಎಂದು ಕೇಳುವವರಿದ್ದಾರೆ. ಒಗ್ಗರಣೆಗೆ ಎಣ್ಣೆ, ಹುಳಿಗೆ ಹುಣಸೆ ಇಲ್ಲದ ಮನೆಯಲ್ಲಿ ಬೇಳೆ ಡಬ್ಬಿಯಲ್ಲೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಗ್ಯಾಸು. ಶೆಡ್ಡಿನಲ್ಲಿರುವವರು ಚಿಕ್ಕ ಸಿಲಿಂಡರಿಗೆ ಕಿಲೋ ಲೆಕ್ಕದಲ್ಲಿ ತುಂಬಿಸಿಕೊಳ್ಳುತ್ತಾರೆ, ಎಷ್ಟೋ ಮನೆಯಲ್ಲಿ ಕುಕ್ಕರಿನ ರಬ್ಬರು ಹೋಗಿರುತ್ತದೆ. ಅಂಥಲ್ಲಿಗೆ ಕಾಬೂಲಿ ಕಡಲೆ, ರಾಜ್ಮಾ ಕೊಟ್ಟರೆ ಮುಂದಿನ ತಿಂಗಳೂ ಅಲ್ಲೇ ಸಿಗುತ್ತವೆ. ಹುರಳಿಯಲ್ಲಿ ಕಬ್ಬಿಣ ತೊಗರಿಗಿಂತ ಎರಡು ಪಟ್ಟಿಗೂ ಹೆಚ್ಚು, ಆದರೆ ಬೇಯಲು ಹೊತ್ತು ಬೇಕು. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಕಬ್ಬಿಣ ಮೈಗೆ ಹತ್ತುವುದೂ ಜಾಸ್ತಿ. ಬೆಲ್ಲದಲ್ಲಿ ಕಬ್ಬಿಣ ಇದೆಯೆಂದು ಕಿಟ್ಟಿಗೆ ಎರಡು ಅಚ್ಚು ಹಾಕುವವರು, ಅದೇ ದುಡ್ಡಿಗೆ ಇನ್ನರ್ಧ ಕಿಲೋ ಹುರಳಿ ಹಾಕಲಿ.

ಸೊಪ್ಪು, ನಿಂಬೆ, ಮೊಟ್ಟೆ ದಾಸ್ತಾನು ಇಡುವ ಸಾಮಾನಲ್ಲ. ಇವಕ್ಕೆ ಕೂಪನ್ ಒಳ್ಳೆಯದು. ಬೀದಿಯ ತರಕಾರಿ ಗಾಡಿಯವರು, ಮೂಲೆಯ ಅಂಗಡಿಯವರ ಜೊತೆ ಮಾತಾಡಿ, 20 ರೂಪಾಯಿಯ ಹತ್ತು ಚೀಟಿ ಮನೆಗೆ ಕೊಡಿ. ಚೀಟಿಯ ಮೇಲೆ ಕ್ರಮಸಂಖ್ಯೆ ಮತ್ತು ಸೀಲು ಇರಲಿ, ಹೆಸರು ಬೇಡ. ಲೆಕ್ಕ ಶನಿವಾರ ಚುಕ್ತಾ ಆಗಬೇಕು. ಎರಡು ವಾರ ಬಾಕಿ ಉಳಿಸಿಕೊಂಡರೆ ಗಾಡಿಯಾಕೆ ಚೀಟಿ ತಂದವರಿಗೆ ಬಾಡಿದ ಸೊಪ್ಪು ಕೊಡಲು ಶುರುಮಾಡುತ್ತಾಳೆ. ಅವಳ ತಪ್ಪೇನಲ್ಲ, ಅವಳದೂ ದಿನದ ಬಂಡವಾಳ. ಒಂದು ಹೋಳು ನಿಂಬೆ ಅಗ್ಗದ ಔಷಧಿ: ಸೊಪ್ಪು-ಕಾಳಿನ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಉಂಡ ಕೂಡಲೇ ಕುಡಿಯುವ ಟೀ ಅದಕ್ಕೇ ಅಡ್ಡಿ, ಒಂದು ಗಂಟೆ ತಡೆದು ಕುಡಿಯಲಿ.

ದಾಸ್ತಾನಿನಲ್ಲಿ ಕೆಡುವುದು

40 ಮನೆಯ ಸಾಮಾನಿಗೆ 10×12 ಅಡಿಯ ಒಣ ಕೋಣೆ ಸಾಕು. ಮೂಟೆ ನೆಲಕ್ಕೆ ತಾಗಬಾರದು, ಅರ್ಧ ಅಡಿ ಎತ್ತರದ ಹಲಗೆ ಹಾಕಿ. ಗೋಡೆಗೂ ಒಂದಡಿ ಬಿಡಿ, ಇಲಿ ಓಡಾಡಿದ ಗುರುತು ಕಾಣುವುದು ಆ ಸಂದಿಯಲ್ಲೇ. ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಮೂಟೆಯನ್ನು ಹಳೆಯದರ ಮುಂದೆ ಇಡುವ ಸೋಮಾರಿತನವೇ ಅರ್ಧ ನಷ್ಟಕ್ಕೆ ಕಾರಣ. ಹೆಸರುಕಾಳು, ಹುರಳಿ, ಅಲಸಂದೆಗೆ ಬೀಳುವ ಹುಳುವಿನ ಮೊಟ್ಟೆ ಹೊಲದಿಂದಲೇ ಅಂಟಿಕೊಂಡು ಬಂದಿರುತ್ತದೆ. ಕೊಂಡಾಗ ಶುದ್ಧವಾಗಿದ್ದ ಕಾಳು ತಿಂಗಳೊಪ್ಪತ್ತಿನಲ್ಲಿ ತೂತು ಬೀಳುವುದು ಅದಕ್ಕೇ. ಒಂದು ತಿಂಗಳಿಗೆ ಆಗುವಷ್ಟೇ ಕೊಳ್ಳಿ, ಎರಡು ದಿನ ಬಿಸಿಲಿಗೆ ತೆಳ್ಳಗೆ ಹರಡಿ ಆರಿಸಿ ಗಾಳಿಯಾಡದ ಡ್ರಮ್ಮಿಗೆ ತುಂಬಿ. ಹುಳುವಿಗೆಂದು ಗೋದಾಮಿನವರು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಗಳ ನಡುವಿನ ಕೋಣೆಯಲ್ಲಿ ಇಡಲೇಬಾರದು. ಅದರಿಂದ ಹೊರಡುವ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

ರಾಗಿಯನ್ನು ಕಾಳಾಗಿಯೇ ಇಟ್ಟರೆ ವರ್ಷಗಟ್ಟಲೆ ಕೆಡದು. ಹಿಟ್ಟಾದರೆ ಒಂದೆರಡು ತಿಂಗಳಲ್ಲಿ ಕಹಿ. ಹಂಚುವ ಹಿಂದಿನ ದಿನ ಗಿರಣಿಗೆ ಹಾಕಿಸಿ ಕೊಡುವುದು ವಾಸಿ. ಕಾಳು ಕೊಟ್ಟು ಗಿರಣಿ ಖರ್ಚನ್ನು ಅವರ ತಲೆಗೆ ಕಟ್ಟಬೇಡಿ. ಶೇಂಗಾದಲ್ಲಿ ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ಎಸೆಯಲೇಬೇಕು. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಲಿವರಿಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ. ಎಣ್ಣೆ ಸೀಲಾದ ಪ್ಯಾಕೆಟ್ಟೇ ಆಗಬೇಕು.

ದಾನಿಗಳ ವಿಷಯದಲ್ಲಿ ನಯವಾಗಿ ಬೇಡ ಎನ್ನಲು ಕಲಿಯಬೇಕು. ಗೋಡೌನು ಖಾಲಿ ಮಾಡಲು ಬರುವ ಬಿಸ್ಕತ್ತು, ನೂಡಲ್ಸು, ಬಣ್ಣದ ಜ್ಯೂಸಿನಿಂದ ಕಾಣದ ಹಸಿವು ನೀಗುವುದಿಲ್ಲ. ಎಕ್ಸ್‌ಪೈರಿ ದಾಟಿದ್ದನ್ನು ಬಾಗಿಲಿಂದಲೇ ವಾಪಸು ಕಳಿಸಿ. ಡಬ್ಬಿ ಹಾಲಿನ ಪುಡಿ, ಅಂದರೆ ಎಳೆ ಮಕ್ಕಳ ಫಾರ್ಮುಲಾ, ಎಷ್ಟು ಬೆಲೆಬಾಳುವುದಾದರೂ ತೆಗೆದುಕೊಂಡು ಹಂಚುವಂತಿಲ್ಲ. 1992ರ ಕಾಯ್ದೆ ಅನಾಥಾಲಯದ ಹೊರತು ಅದರ ದಾನವನ್ನೇ ನಿಷೇಧಿಸಿದೆ. ಕಾರಣವೂ ಗಟ್ಟಿ: ಪುಕ್ಕಟೆ ಡಬ್ಬಿ ತಿಂಗಳಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ಎದೆಹಾಲು ಬತ್ತಿರುತ್ತದೆ.

ಮದುವೆ ಮನೆಯ ಅನ್ನ

ಆಹಾರ ಬ್ಯಾಂಕು ಎಂದಾಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಕಲ್ಯಾಣಮಂಟಪದಲ್ಲಿ ಉಳಿದ ಊಟ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಧ್ಯಯನವೊಂದು 2012ರಲ್ಲಿ ಹೇಳಿತ್ತು. ಉಳಿಸಬೇಕಾದದ್ದೇ. ಆದರೆ ಉಳಿಯುವುದು ಏನು? ಅನ್ನ, ಪಲಾವು, ಪಾಯಸ, ಹೋಳಿಗೆ. ಪಲ್ಯ, ಕೋಸಂಬರಿ, ಹಣ್ಣು ಮೊದಲೇ ಮುಗಿದಿರುತ್ತವೆ. ಆ ರಾತ್ರಿಯ ಹಸಿವಿಗೆ ಅದು ಉತ್ತರ, ರಕ್ತಹೀನತೆಗೆ ಅಲ್ಲ. ಎರಡನ್ನೂ ಒಂದೇ ತಂಡ, ಒಂದೇ ಲೆಕ್ಕದ ಪುಸ್ತಕದಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ.

ಮಾಡುವುದಾದರೆ ನಿಯಮ ಗೊತ್ತಿರಲಿ. ಉಳಿದ ಆಹಾರ ಸಂಗ್ರಹಿಸಿ ಹಂಚಲು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್ಎಸ್ಎಸ್ಎಐ 2019ರಲ್ಲೇ ಪ್ರತ್ಯೇಕ ನಿಯಮಾವಳಿ ತಂದಿದೆ. ನೋಂದಣಿ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಂಬ ದಾಖಲೆ ಬೇಕು. ಪಂಕ್ತಿಗೆ ಹೋಗಿ ಬಂದ ಬಕೆಟ್ಟಿನದು ಬೇಡ, ಅಡುಗೆಮನೆಯ ಕೊಪ್ಪರಿಗೆಯಲ್ಲಿ ಮುಚ್ಚಿಟ್ಟದ್ದು ಮಾತ್ರ. ತಾಪಮಾಪಕದ ಕಡ್ಡಿಯನ್ನು ಅಂಚಿಗಲ್ಲ, ನಡುವಿಗೆ ಚುಚ್ಚಿ ನೋಡಿ. 60 ಡಿಗ್ರಿಗಿಂತ ಕೆಳಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದ ಅನ್ನ ಎತ್ತಬೇಡಿ. ಬೆಳಗ್ಗೆ 10ಕ್ಕೆ ಬಸಿದ ಅನ್ನ, 12:30ರ ಮೊದಲ ಪಂಕ್ತಿ, 3 ಗಂಟೆಗೆ "ಬಂದು ತಗೊಂಡ್ ಹೋಗಿ" ಎಂಬ ಫೋನು. ಅಷ್ಟರಲ್ಲಿ ಐದು ಗಂಟೆ ಕಳೆಯಿತು. ಆರಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬಿಡುವ ವಾಂತಿ ಬರಿಸುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. "ಬಿಸಿ ಮಾಡಿ ತಿನ್ನಿ" ಎಂಬ ಸಲಹೆ ಇಲ್ಲಿ ನಡೆಯದು. ಕಾಯಿ ಹಾಕಿದ ಚಟ್ನಿ, ಹುಳಿ, ಮೊಸರನ್ನ, ಕೋಸಂಬರಿ ಎಂದಿಗೂ ಬೇಡ. ಅಡುಗೆ ಭಟ್ಟರಿಗೆ ಹಿಂದಿನ ದಿನವೇ ಹೇಳಿ, ಕೊನೆಯ ಪಂಕ್ತಿ ಕೂರುವ ಮೊದಲೇ ಉಳಿಯುವುದನ್ನು ಹಾಟ್ ಬಾಕ್ಸಿಗೆ ತುಂಬಿಸಿಕೊಳ್ಳುವ ತಂಡದ ಅನ್ನವೇ ಒಂದು ಗಂಟೆಯೊಳಗೆ ತಟ್ಟೆಗೆ ಬೀಳುತ್ತದೆ.

ಕೊಡುವ ಕೈ ಕಾಣದ ಹಾಗೆ

ಸಾಲಿನಲ್ಲಿ ನಿಲ್ಲಿಸಿ ಹಂಚಿದರೆ ಕಾಣದ ಹಸಿವಿನವರು ಬರುವುದಿಲ್ಲ, ಅಲ್ಲಿಗೆ ಮುಗಿಯಿತು. ಬ್ಯಾನರು, ಫೋಟೋ, ಗಣ್ಯರ ಹಸ್ತದಿಂದ ಕಿಟ್ ಇವು ಮೂರು ಇದ್ದ ಕಡೆ ಟೀಚರಮ್ಮ ಕಾಲಿಡುವುದಿಲ್ಲ. ದಿನ ಪೂರ್ತಿ ತೆರೆದಿಟ್ಟು, ಸಾಮಾನ್ಯ ಬಟ್ಟೆ ಚೀಲದಲ್ಲಿ, ಅಂಗಡಿಗೆ ಬಂದ ಹಾಗೆ ಬಂದು ಹೋಗುವಂತಿದ್ದರೆ ಬರುತ್ತಾರೆ. ಆರಿಸಿಕೊಳ್ಳಲು ಬಿಡುವುದು ಇನ್ನೂ ಒಳ್ಳೆಯದು. ಸಕ್ಕರೆ ಕಾಯಿಲೆಯವರು ಅಕ್ಕಿ ಬಿಟ್ಟು ರಾಗಿ ಕೇಳುತ್ತಾರೆ, ಮೊಟ್ಟೆ ತಿನ್ನದವರು ಶೇಂಗಾ, ಹಾಲಿನ ಕೂಪನ್ ಕೇಳುತ್ತಾರೆ. ಒಪ್ಪದ ಸಾಮಾನು ಮನೆಗೆ ಹೋಗಿ ಹುಳ ಹಿಡಿಯುವುದು ತಪ್ಪುತ್ತದೆ. ಹೆಸರುಗಳನ್ನು ತರುವವರು ಯಾರು? ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ, ಶಾಲೆಯ ಬಿಸಿಯೂಟದವರು, ಮೂಲೆ ಅಂಗಡಿಯ ಯಜಮಾನರು. ಯಾವ ಮನೆಯ ಸಾಲದ ಪುಸ್ತಕ ಉದ್ದವಾಗುತ್ತಿದೆ, ಯಾರು ಅರ್ಧ ಲೀಟರ್ ಹಾಲು ನಿಲ್ಲಿಸಿದರು ಎಂದು ಮೊದಲು ತಿಳಿಯುವುದು ಅಂಗಡಿಗೆ. ಪಟ್ಟಿ ಒಬ್ಬರ ಹತ್ತಿರ ಮಾತ್ರ ಇರಲಿ, ವಾಟ್ಸ್ಆ್ಯಪ್ ಗುಂಪಿಗೆ ಬೀಳಬಾರದು. ಮೂರು ತಿಂಗಳಿಗೊಮ್ಮೆ ಪಟ್ಟಿ ತಿರುವಿ ಹಾಕಬೇಕು. ಕೆಲಸ ಸಿಕ್ಕವರು ಬಹಳ ಸಲ ತಾವೇ ಬಂದು "ಈ ತಿಂಗಳು ಬೇಡ" ಎನ್ನುತ್ತಾರೆ.

ಆಹಾರ ಬ್ಯಾಂಕಿನ ಮಿತಿಯನ್ನೂ ಹೇಳಬೇಕು. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯಾದರೆ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎನ್ನುತ್ತಾರೆ. ಬಹಳ ಇಳಿದ ಮೇಲೆ ನುಗ್ಗೆಸೊಪ್ಪು ತಿನ್ನಿಸಿ ಏರಿಸಲು ಆಗದು, ಪ್ರಾಥಮಿಕ ಆರೋಗ್ಯ ಕೇಂದ್ರದ ಕಬ್ಬಿಣದ ಮಾತ್ರೆಯೇ ಬೇಕು. ಗರ್ಭಿಣಿಗೆ ದಿನಕ್ಕೊಂದರಂತೆ ಕನಿಷ್ಠ 180 ದಿನ. ಮಾತ್ರೆ ಪುಕ್ಕಟೆ ಸಿಕ್ಕರೂ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆಂದು ಬಿಟ್ಟುಬಿಡುತ್ತಾರೆ. ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಲು ಹೇಳಿದರೆ ಕೆಲವರಾದರೂ ಮುಂದುವರಿಸುತ್ತಾರೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಕೊಟ್ಟ ಬೇಳೆಯ ಪಾಲು ಅದಕ್ಕೇ. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕೊಡುವ ಮಾತೃಪೂರ್ಣದ ಬಿಸಿಯೂಟ, ಹಿರಿಯರ ಮನೆಗೇ ರೇಷನ್ ತಲುಪಿಸುವ ಅನ್ನ ಸುವಿಧಾ ಇವುಗಳಿಗೆ ಹೆಸರು ಹಚ್ಚಿಸಿಕೊಡುವುದು ಒಂದು ಕಿಟ್ ಕೊಟ್ಟದ್ದಕ್ಕಿಂತ ದೊಡ್ಡ ಕೆಲಸ. ಕಿಟ್ ಹದಿನೈದು ದಿನಕ್ಕೆ ಮುಗಿಯುತ್ತದೆ, ಹೆಸರು ಒಮ್ಮೆ ಹತ್ತಿದರೆ ವರ್ಷಗಟ್ಟಲೆ ನಡೆಯುತ್ತದೆ.

ವರ್ಷದ ಅತಿ ಕಷ್ಟದ ತಿಂಗಳುಗಳು ಏಪ್ರಿಲ್, ಮೇ. ದಾನಿಗಳಿಗೆ ಇದು ಹೊಳೆಯುವುದಿಲ್ಲ, ಅವರ ಕಿಟ್ಟುಗಳೆಲ್ಲ ದಸರಾ, ದೀಪಾವಳಿಗೆ. ಸರ್ಕಾರಿ ಶಾಲೆಯ ಮಗುವಿಗೆ ಬಿಸಿಯೂಟವಿದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಇದೆ. ಬರಪೀಡಿತ ತಾಲೂಕೆಂದು ಘೋಷಣೆಯಾದ ಕಡೆ ಕೆಲವು ವರ್ಷ ರಜೆಯಲ್ಲೂ ಬಿಸಿಯೂಟ ನಡೆದಿದೆ. ಉಳಿದ ಕಡೆ ಶಾಲೆಗೆ ಬೀಗ ಬಿದ್ದ ದಿನವೇ ಇಷ್ಟೂ ನಿಲ್ಲುತ್ತವೆ. ಮನೆಯಲ್ಲಿ ಎರಡು ಮಕ್ಕಳಿದ್ದರೆ ವಾರಕ್ಕೆ ಹನ್ನೆರಡು ಮೊಟ್ಟೆ ಒಮ್ಮೆಲೇ ಕಡಿಮೆ. ಹೀಗಾಗಿ ಬೇಸಿಗೆಯ ಎರಡು ತಿಂಗಳು ಕಿಟ್ಟಿನಲ್ಲಿ ಮೊಟ್ಟೆಯ ಕೂಪನ್ನನ್ನು 30ರಿಂದ 60ಕ್ಕೆ ಏರಿಸಿ, ಹುರಿಗಡಲೆ ಒಂದು ಕಿಲೋ ಸೇರಿಸಬೇಕು. ಅದಕ್ಕೆ ಗ್ಯಾಸು ಬೇಡ, ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಕ್ಕಳೇ ತಿಂದುಕೊಳ್ಳುತ್ತವೆ. ಅಂಗಡಿಯವರಿಗೆ ಮಾರ್ಚ್ ಕೊನೆಯ ವಾರವೇ ಹೇಳಿಟ್ಟಿರಿ. ಸೆಕೆಗೆ ಮೊಟ್ಟೆ ಬೇಗ ಕೆಡುವುದರಿಂದ ಅವರು ಆ ಹೊತ್ತಿಗೆ ತರಿಸುವುದನ್ನೇ ಕಡಿಮೆ ಮಾಡಿರುತ್ತಾರೆ.